ದುಃಖ ಎಂಬ ಪದ ತೆಗೆದ ಮೇಲೆ ಕಥೆ ಮನಸ್ಸಿನಲ್ಲಿ ನಿಂತಿತು

ಸಮಸ್ಯೆ ಇದು: ಅಪ್ಪನ ಸಾವಿನ ಬಗ್ಗೆ ನಾನು ಬರೆದ ಕಥೆಯನ್ನು ಓದಿದವರೆಲ್ಲ ‘ಚೆನ್ನಾಗಿದೆ’ ಎಂದು ಹೇಳಿ ಬೇರೆ ಮಾತಿಗೆ ಹೋಗುತ್ತಿದ್ದರು. ಮರುದಿನ ಕೇಳಿದರೆ ಒಂದು ದೃಶ್ಯವೂ ಅವರ ನೆನಪಿನಲ್ಲಿ ಇರುತ್ತಿರಲಿಲ್ಲ.

ಸರಿಪಡಿಸಲು ವಿಶೇಷಣಗಳನ್ನು ಹೆಚ್ಚಿಸಿದೆ; ಕಥೆ ಜಿಡ್ಡುಗಟ್ಟಿತು. ‘ಅವನು’ ಎಂಬುದನ್ನು ‘ನಾನು’ ಮಾಡಿದೆ, ವ್ಯತ್ಯಾಸವಾಗಲಿಲ್ಲ. ಇನ್ನೊಂದು ಸಾವನ್ನೂ ಸೇರಿಸಿದೆ (ಈಗ ನೆನೆದರೆ ನಾಚಿಕೆ). ಮನಸ್ಸು ಭಾರವಾದ ರಾತ್ರಿಗಳಲ್ಲಿ ಬರೆದಾಗ ಹುಟ್ಟಿದ್ದು ಕಥೆಯಲ್ಲ, ದಿನಚರಿ.

ಕೊನೆಗೆ ಫಲಿಸಿದ್ದು ಈ ಕ್ರಮ. ಹಳೆಯ ಕರಡನ್ನು ಮುಚ್ಚಿಟ್ಟು, 20 ನಿಮಿಷ, ಆ ದಿನ ನನ್ನ ಕೈಗಳು ಏನೇನು ಮಾಡಿದವು ಎಂಬುದನ್ನಷ್ಟೇ ಬರೆದೆ. ಭಾವನೆಯ ಹೆಸರು ಒಂದೂ ಬರಕೂಡದು. ಆ ಪಟ್ಟಿಯಲ್ಲಿ ಯಾರಿಗೂ ಹೇಳದ ಸಾಲೊಂದಿತ್ತು: ವೈದ್ಯರು ಮಾತನಾಡುತ್ತಿದ್ದಾಗ ನಾನು ಮೊಬೈಲ್ ಚಾರ್ಜರ್ ಹಾಕಲು ಗೋಡೆಯಲ್ಲಿ ಪ್ಲಗ್ ಹುಡುಕುತ್ತಿದ್ದೆ. ಅದನ್ನು ಕಥೆಯ ಮೊದಲ ಪುಟದಲ್ಲೇ ಇಟ್ಟೆ, ಸಮಜಾಯಿಷಿ ಇಲ್ಲದೆ. ಸಮಜಾಯಿಷಿ ಕೊಟ್ಟ ಕೂಡಲೇ ಸಾಲು ಸಾಯುತ್ತದೆ; ಎರಡು ಸಲ ಕೊಟ್ಟು ನೋಡಿದ್ದೇನೆ.

ನಂತರ ಕರಡು ತೆರೆದು ದುಃಖ, ನೋವು, ಕಣ್ಣೀರು, ಹೃದಯ ಎಂಬ ಪದಗಳಿಗೆಲ್ಲ ಗೆರೆ ಎಳೆದೆ. ಒಟ್ಟು 31 ಸಿಕ್ಕವು, ಎರಡನ್ನು ಉಳಿಸಿದೆ. ಹೊಡೆದುಹಾಕಿದ ಪ್ರತಿ ಜಾಗಕ್ಕೂ ಬದಲಿ ಹುಡುಕಬೇಡಿ. ಹೆಚ್ಚಿನವು ಖಾಲಿ ಇದ್ದರೇ ಸರಿ. ಕೊನೆಯ ಪ್ಯಾರಾವನ್ನು ಇಡಿಯಾಗಿ ತೆಗೆದೆ, ಅದು ಬರೀ ವಿವರಣೆಯಾಗಿತ್ತು.

ಹತ್ತು ದಿನ ಬಿಟ್ಟು ಗಟ್ಟಿಯಾಗಿ ಓದಿದೆ. ದನಿ ತಾನಾಗಿ ಅವಸರದಿಂದ ಓಡಿದ ಮೂರು ಕಡೆ ನಾನು ಏನನ್ನೋ ಮುಚ್ಚಿಟ್ಟಿದ್ದೆ. ಅವನ್ನಷ್ಟೇ ತಿದ್ದಿದೆ. ಮುಂದೆ ಕಥೆ ಓದಿದವರು ಮೊದಲು ಕೇಳಿದ್ದು ಆ ಚಾರ್ಜರ್ ಬಗ್ಗೆ.