ಎರಡನೇ ದಿನದ ದಾರಿಯನ್ನೇ ಮೊದಲು ನೋಡಿ ಬನ್ನಿ

ಮೂರು ದಿನದ ಗುಡ್ಡದ ಓಟಕ್ಕೆ ಹೆಸರು ಕೊಟ್ಟಿದ್ದೀರಿ, ದಾರಿಯ ಜಿಪಿಎಕ್ಸ್ ಫೈಲ್ (ನಕ್ಷೆಯ ಆ್ಯಪ್‌ನಲ್ಲಿ ದಾರಿಯ ಗೆರೆ ತೋರಿಸುವ ಫೈಲ್) ಮೊಬೈಲ್‌ಗೆ ಬಂದಿದೆ, ದಾರಿ ನೋಡೋಕೆ ಒಂದೇ ಒಂದು ಭಾನುವಾರ ಬಿಡುವಿದೆ ಅಂತಿಟ್ಟುಕೊಳ್ಳಿ. ಬಹಳ ಜನ ಮೊದಲ ದಿನದ ದಾರಿ ನೋಡಿ ಬರುತ್ತಾರೆ. ನನ್ನನ್ನು ಕೇಳಿದರೆ ಎರಡನೇ ದಿನದ್ದು ನೋಡಿ. ಮೊದಲ ದಿನ ಕಾಲಲ್ಲಿ ಕಸುವಿರುತ್ತದೆ, ಸುತ್ತ ಜನ ಇರುತ್ತಾರೆ, ತಪ್ಪು ದಾರಿ ಹಿಡಿದರೆ ಹಿಂದಿನವರು ಕೂಗಿ ಕರೆಯುತ್ತಾರೆ. ಎರಡನೇ ದಿನ ಎಲ್ಲರೂ ಚದುರಿ ಹೋಗಿರುತ್ತಾರೆ, ತೊಡೆ ಬಿಗಿದಿರುತ್ತದೆ, ತಲೆ ಮಂಕಾಗಿರುತ್ತದೆ. ದಾರಿ ತಪ್ಪೋದು ಆಗಲೇ. ಅದಕ್ಕೇ ಶನಿವಾರ ಊರಲ್ಲೇ ಚೆನ್ನಾಗಿ ಓಡಿ ಕಾಲು ದಣಿಸಿಕೊಳ್ಳಿ, ಭಾನುವಾರ ಅದೇ ದಣಿದ ಕಾಲಲ್ಲಿ ಗುಡ್ಡಕ್ಕೆ ಹೋಗಿ.

ನಮ್ಮ ಕೊಪ್ಪಳ ಜಿಲ್ಲೆಯ ಆನೆಗೊಂದಿ, ಸಾಣಾಪುರ, ಹಿರೇಬೆಣಕಲ್ ಕಡೆ ಗುಡ್ಡಗಳು ಅಷ್ಟೇನೂ ಎತ್ತರ ಇಲ್ಲ. ಕಾಡೋದು ಗುಂಡುಕಲ್ಲುಗಳು. ಮನೆಯಷ್ಟು ದೊಡ್ಡ ಬಂಡೆ ಕೂಡ ನಕ್ಷೆಯಲ್ಲಿ ಕಾಣೋದಿಲ್ಲ. ಕಾಲುವೆ ದಂಡೆ ಮೇಲೆ ನನಗೆ 7 ನಿಮಿಷದಲ್ಲಿ ಮುಗಿಯುವ ಕಿಲೋಮೀಟರ್, ಬಂಡೆಗಳ ನಡುವೆ 20 ನಿಮಿಷ ಹಿಡಿದದ್ದಿದೆ. ಹಾಗಾಗಿ ದೂರದ ಜೊತೆ ಪ್ರತಿ ತುಂಡಿಗೂ ಎಷ್ಟು ಹೊತ್ತು ಬೇಕಾಯಿತು ಅಂತ ಬರೆದುಕೊಳ್ಳಿ.

ಇನ್ನೊಂದು ಮುಖ್ಯ ವಿಷಯ, ಬಂಡೆ ಮೇಲೆ ಕಾಲುದಾರಿ ಉಳಿಯೋದಿಲ್ಲ. ಮಣ್ಣಲ್ಲಿ ಸರಿಯಾಗಿ ಬಂದ ದಾರಿ ಹಾಸುಬಂಡೆ ಸಿಕ್ಕ ಕೂಡಲೇ ಮಾಯ. ಅಲ್ಲಿ ನಿಂತು, ಬಂಡೆಯ ಆಚೆ ತುದಿಯಲ್ಲಿ ದಾರಿ ಮತ್ತೆ ಎಲ್ಲಿ ಶುರುವಾಗುತ್ತದೆ ಅಂತ ಹುಡುಕಿ, ಆ ಜಾಗದ ಹಿಂದೆ ಆಕಾಶಕ್ಕೆ ಎದ್ದು ಕಾಣುವ ಒಂದು ಕಲ್ಲನ್ನೋ ಮರವನ್ನೋ ಗುರುತಿಟ್ಟುಕೊಂಡು ಫೋಟೋ ತೆಗೆಯಿರಿ, ಆಮೇಲೆ ಆಚೆ ಹೋಗಿ, ಅಲ್ಲಿಂದ ಬಂದ ದಾರಿಯ ಕಡೆ ತಿರುಗಿ ಇನ್ನೊಂದು ತೆಗೆಯಿರಿ. ತಪ್ಪಿ ವಾಪಸ್ ಬರುವಾಗ ಕಾಣೋದು ಆ ಎರಡನೇ ನೋಟ, ಅಲ್ವಾ? ಆಡು ಕುರಿಗಳ ಹಿಕ್ಕೆ ಬಿದ್ದಿರುವ ಕಡೆ ಸಾಮಾನ್ಯವಾಗಿ ನಡೆಯುವ ಜಾಡು ಇರುತ್ತದೆ. ಹಿರೇಬೆಣಕಲ್‌ನ ಮೋರೇರ ಗುಡ್ಡದಲ್ಲಿ ಮಾತ್ರ ದಯವಿಟ್ಟು ಜೋಪಾನ. ಅಲ್ಲಿರುವ ಕಲ್ಲುಮನೆಗಳು ಎರಡು ಸಾವಿರ ವರ್ಷಕ್ಕೂ ಹಳೆಯವು. ಹತ್ತಬೇಡಿ, ಒರಗಬೇಡಿ, ಗುರುತಿಗೆ ಅಂತ ಬಣ್ಣ ಬಳಿಯಬೇಡಿ.

ಕುರಿಗಾರರು ಸಿಕ್ಕರೆ ಬಿಡಬೇಡಿ, ಮಾತಾಡಿಸಿ. ಆದರೆ 'ಎಷ್ಟು ದೂರ?' ಅಂದರೆ 'ಇಲ್ಲೇ ಐತ್ರಿ' ಅಂತಾರೆ. 'ನಡ್ಕೊಂತ ಹೋದ್ರ ಎಷ್ಟು ತಾಸು? ಈಗ ನೀರು ಎಲ್ಲಿ ಅದಾವ್ರಿ?' ಅಂತ ಕೇಳಿ. ಈ ಎರಡಕ್ಕೆ ಅವರು ಹೇಳುವ ಉತ್ತರವನ್ನು ನಾನು ನಕ್ಷೆಗಿಂತ ಜಾಸ್ತಿ ನಂಬುತ್ತೇನೆ.

ನೀರಿನ ವಿಷಯದಲ್ಲಿ ಕಾಲ ನೋಡಿ. ಬೇಸಿಗೆಯಲ್ಲಿ ಕಾಲುವೆ ಬತ್ತಿರುತ್ತದೆ, ಗದ್ದೆ ಬದು ಗಟ್ಟಿಯಾಗಿರುತ್ತದೆ. ನೀರು ಬಿಟ್ಟ ಮೇಲೆ ಅದೇ ಬದು ಜಾರುತ್ತದೆ, ಎರೆಮಣ್ಣು ಶೂಗೆ ಮುದ್ದೆಯಾಗಿ ಅಂಟುತ್ತದೆ. ತುಂಗಭದ್ರಾ ಡ್ಯಾಮಿನಿಂದ ಹೊಳೆಗೆ ಜೋರಾಗಿ ನೀರು ಬಿಟ್ಟರೆ ಹೊಳೆ ದಾಟಿಸುವ ಹರಿಗೋಲೂ ನಿಲ್ಲುತ್ತದೆ. ಓಟ ಯಾವ ತಿಂಗಳೋ ಅದೇ ಹೊತ್ತಿಗೆ ಹತ್ತಿರವಾಗಿ ಹೋಗಿ. ನಾಟಿ ಮಾಡಿದ ಗದ್ದೆ ತುಳಿಯಬೇಡಿ, ಅದು ಒಬ್ಬರ ಅನ್ನ.

ಈ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಅರಣ್ಯ ಪ್ರದೇಶಕ್ಕೆ ಇಲಾಖೆಯ ಅನುಮತಿ ಕೇಳಿ, ಒಬ್ಬರೇ ಹೋಗಬೇಡಿ, ಹೊತ್ತು ಮುಳುಗುವ ಮೊದಲೇ ಇಳಿದುಬಿಡಿ. ಬಳ್ಳಾರಿ ಜಾಲಿಯ ಮುಳ್ಳು ತೆಳು ಶೂ ತೂರಿ ಬರುತ್ತದೆ, ಒಂದು ಚಿಮಟ ಇಟ್ಟುಕೊಳ್ಳಿ.

ಮನೆಗೆ ಬಂದ ರಾತ್ರಿಯೇ, ನಿದ್ದೆಗೆ ಮುಂಚೆ, ಅರ್ಧ ಹಾಳೆಯಲ್ಲಿ ಬರೆದಿಡಿ: ದಾರಿ ತಪ್ಪುವ ತಿರುವುಗಳು, ನೀರು ಸಿಗುವ ಜಾಗ, ಸುಸ್ತಾದರೆ ಡಾಂಬರು ರಸ್ತೆಗೆ ಇಳಿಯುವ ದಾರಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಶಾಯಿ ಬೆವರಿಗೆ ಕದಡಿ ಹೋಗುತ್ತದೆ.