ಮರಣಸ್ಮೃತಿ: ಒಂದು ಉಸಿರಿನ ಲೆಕ್ಕ

ಮರಣಸ್ಮೃತಿಯನ್ನು, ಅಂದರೆ ಸಾವನ್ನು ನೆನೆಯುವ ಬೌದ್ಧ ಧ್ಯಾನವನ್ನು, ನಾನು ಬೆಳಗ್ಗೆ ಮಾತ್ರ ಮಾಡುತ್ತೇನೆ. ರಾತ್ರಿ ದಣಿದ ಮನಸ್ಸು ಸಾವಿನ ನೆನಪನ್ನು ಚಿಂತೆ ಮಾಡಿಕೊಂಡು ನಿದ್ದೆ ಕೆಡಿಸುತ್ತದೆ. ಒಟ್ಟು 20 ನಿಮಿಷ ಸಾಕು. ಮೊದಲ ಏಳೆಂಟು ನಿಮಿಷ ಉಸಿರಿನ ಮೇಲಷ್ಟೇ ಗಮನ. ಈ ಭಾಗ ಬಿಟ್ಟರೆ ಭಯವೇ ಮೊದಲು ಮೇಲೇಳುತ್ತದೆ.

ಆಮೇಲೆ ಒಂದೇ ಮಾತು: ಸಾವು ಖಂಡಿತ, ಹೊತ್ತು ಗೊತ್ತಿಲ್ಲ. ಇದನ್ನು ಹೇಳಿಕೊಂಡು ಎರಡು ಮೂರು ಉಸಿರು ಸುಮ್ಮನಿದ್ದು, ಅವಧಿಯನ್ನು ಕುಗ್ಗಿಸುತ್ತಾ ಹೋಗಬೇಕು. ಇವತ್ತೊಂದು ದಿನ ಬದುಕಿದ್ದರೆ; ಒಂದು ಊಟ ಮುಗಿಯುವ ತನಕ; ಒಂದು ತುತ್ತು ಅಗಿದು ನುಂಗುವ ತನಕ; ಕೊನೆಗೆ, ಒಳಬಂದ ಉಸಿರು ಹೊರಹೋಗುವ ತನಕ. ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ, ದಿನದ ಲೆಕ್ಕದಲ್ಲಿ ಸಾವನ್ನು ನೆನೆಯುವ ಭಿಕ್ಷುಗಳು ಇನ್ನೂ ಮೈಮರೆತಿದ್ದಾರೆ ಎನ್ನುತ್ತಾನೆ ಬುದ್ಧ. ಒಂದು ತುತ್ತಿನ, ಒಂದು ಉಸಿರಿನ ಲೆಕ್ಕದವರಷ್ಟೇ ಎಚ್ಚರವಿರುವವರು. ಅದಕ್ಕೆ ಕಾರಣವಿದೆ. ದಿನ ಎಂದ ಕೂಡಲೇ ಮನಸ್ಸು ಯೋಜನೆ ಹಾಕತೊಡಗುತ್ತದೆ, ಯಾರಿಗೆ ಏನು ಹೇಳಬೇಕು, ಯಾವ ಕೆಲಸ ಮುಗಿಸಬೇಕು ಅಂತ. ಒಂದು ಉಸಿರಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಉಸಿರು ಪೂರ್ತಿ ಹೊರಹೋದ ಮೇಲೆ ಚಿಕ್ಕದೊಂದು ನಿಲುಗಡೆ ಇರುತ್ತದಲ್ಲ, ಅಲ್ಲಿ ಅವಸರ ಬೇಡ. ಬಿಗಿಹಿಡಿಯುವುದೂ ಬೇಡ, ಹಿಡಿದರೆ ಗಾಬರಿಯಾಗುತ್ತದೆ. ಮುಂದಿನ ಉಸಿರು ತಾನಾಗಿ ಬರಲಿ. ಮೂಗಿನ ಹೊಳ್ಳೆಗೆ ತಣ್ಣಗೆ ಗಾಳಿ ತಾಕಿ ಪಕ್ಕೆಲುಬು ಅಗಲವಾಗುವಾಗ, ಇದು ಕೇಳದೆ ಸಿಕ್ಕಿದ್ದು ಎಂದು ಮೈಗೇ ತಿಳಿಯುತ್ತದೆ. ಆನಂದದ ಮೊದಲ ಸುಳಿವು ಅಲ್ಲೇ.

ಹೆಚ್ಚಿನವರು ಎಡವುವುದು ಯಾರ ಸಾವನ್ನು ನೆನೆಯಬೇಕು ಎಂಬಲ್ಲಿ. 5ನೇ ಶತಮಾನದ ಬೌದ್ಧ ವ್ಯಾಖ್ಯಾನಕಾರ ಬುದ್ಧಘೋಷ ಇದನ್ನು ಸ್ಪಷ್ಟವಾಗಿ ವಿಂಗಡಿಸಿದ್ದಾನೆ: ಪ್ರೀತಿಪಾತ್ರರದಾದರೆ ಶೋಕ, ಹಗೆಯವರದಾದರೆ ಹಿಗ್ಗು, ಸಂಬಂಧವಿಲ್ಲದವರದಾದರೆ ಉದಾಸೀನ, ನಮ್ಮದೇ ಆದರೆ ದಿಗಿಲು. ಒಂದು ಕಾಲಕ್ಕೆ ಸುಖವಾಗಿದ್ದು ಈಗ ಇಲ್ಲವಾದವರನ್ನು ನೆನೆಯುವುದರಿಂದ ಶುರುಮಾಡಿ ಎಂಬುದು ಅವನ ಸಲಹೆ. ನನಗೂ ಅದೇ ಸರಿಹೋಗಿದೆ. ಹೇಗೆ ಸಾಯುತ್ತೇನೆ, ಯಾರು ಅಳುತ್ತಾರೆ ಎಂಬ ಚಿತ್ರಗಳು ಬಂದರೆ ಅಭ್ಯಾಸ ದಾರಿ ತಪ್ಪಿತೆಂದೇ ಅರ್ಥ. ಎದೆ ಬಿಗಿದು ಅಂಗೈ ಬೆವರಿದರೆ ಕಣ್ಣು ತೆರೆದು, ಪಾದಗಳನ್ನು ನೆಲಕ್ಕೊತ್ತಿ, ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ. ಹತ್ತಿರದವರನ್ನು ಈಚೆಗೆ ಕಳೆದುಕೊಂಡವರು, ಖಿನ್ನತೆಯಲ್ಲಿರುವವರು, ಬದುಕು ಸಾಕೆನಿಸುತ್ತಿರುವವರು ಇದನ್ನು ಒಂಟಿಯಾಗಿ ಮಾಡಲೇಬಾರದು. ಅವರಿಗೆ ಮೊದಲು ವೈದ್ಯರ ಅಥವಾ ಆಪ್ತರ ಜೊತೆ ಬೇಕು.

ಧ್ಯಾನದಿಂದ ಎದ್ದ ಮೇಲಿನ ಹತ್ತು ನಿಮಿಷ ಕೂತ 20 ನಿಮಿಷದಷ್ಟೇ ಮುಖ್ಯ. 2007ರಲ್ಲಿ ಮನೋವಿಜ್ಞಾನಿಗಳಾದ ಡಿವಾಲ್ ಮತ್ತು ಬೌಮೈಸ್ಟರ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಲ್ಲುನೋವಿನ ಬಗ್ಗೆ ಯೋಚಿಸಿದವರಿಗಿಂತ ತಮ್ಮ ಸಾವಿನ ಬಗ್ಗೆ ಯೋಚಿಸಿದವರ ಮನಸ್ಸು, ಅವರಿಗೇ ಅರಿವಿಲ್ಲದೆ, ಸಂತಸದ ಪದಗಳತ್ತ ಹೆಚ್ಚು ವಾಲಿತು. ಈ ವಾಲಿಕೆ ಮೆಲುವಾದದ್ದು, ಫೋನ್ ತೆರೆದರೆ ಮುಗಿಯಿತು. ಹಾಗಾಗಿ ಹಾಸಿಗೆ ಮಡಚುವುದೋ ಮುಖ ತೊಳೆಯುವುದೋ, ದಿನಾ ಮಾಡುವ ಒಂದೇ ಕೆಲಸವನ್ನು ನಿಧಾನಕ್ಕೆ ಮಾಡಿ. ಸಾವು ಖಂಡಿತ ಎಂಬ ಆ ಮಾತು ಬಾಯಿಪಾಠವಾಗಿ ಸಪ್ಪೆ ಎನಿಸತೊಡಗಿದರೆ, ಒಂದೆರಡು ವಾರ ಅದನ್ನು ಬಿಟ್ಟು ಬರೀ ಉಸಿರಿನೊಂದಿಗೆ ಕೂರಿ.