ಕೊಡುವ ಮೊದಲು ಆ ಮನೆಯ ಒಲೆ ನೋಡಿ

ಒಂದು ಜುಲೈ ತಿಂಗಳು. ತೀರ್ಥಹಳ್ಳಿ ಕಡೆ ಮಳೆ ಹಿಡಿದು ವಾರವಾಗಿತ್ತು. ಕೂಲಿಯಿಲ್ಲದೆ ಕೂತಿದ್ದ ಒಬ್ಬ ಅಕ್ಕನ ಮನೆಗೆ ನಾನು ಹತ್ತು ಕೆಜಿ ಅಕ್ಕಿ ಹೊತ್ತುಕೊಂಡು ಹೋದೆ. ಅವರ ಮನೆಯಲ್ಲಿ ರೇಷನ್ ಅಕ್ಕಿ ಆಗಲೇ ಇತ್ತು. ಇಲ್ಲದೆ ಇದ್ದದ್ದು ಒಣ ಸೌದೆ. ಒಲೆ ಬರೀ ಹೊಗೆಯಾಡುತ್ತಿತ್ತು, ಮೂಲೆಯಲ್ಲಿ ಮಾಡು ಸೋರುತ್ತಿತ್ತು, ಆದರೂ ಅವರು ಅಕ್ಕಿ ಇಳಿಸಿಕೊಂಡು "ಒಳ್ಳೇದಾಯ್ತು ಕಣಪ್ಪ" ಅಂದರು.

ಹಸಿದವರಿಗೆ, ಬಟ್ಟೆಯಿಲ್ಲದವರಿಗೆ "ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ" ಅಂತ ಬಾಯಲ್ಲಿ ಹೇಳಿ ಕಳಿಸಿದರೆ ಏನು ಬಂತು ಎಂದು ಬೈಬಲಿನ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಕೇಳುತ್ತದೆ. ನಾನು ಬರೀ ಬಾಯಿಮಾತು ಆಡಿರಲಿಲ್ಲ, ಸರಿ. ಆದರೆ ಏನು ಬೇಕು ಅಂತ ಕೇಳಿಯೂ ಇರಲಿಲ್ಲ.

ಹಾಗಾಗಿ ಮೊದಲು ಕೇಳಿ. ನಮ್ಮ ಮಲೆನಾಡಿನಲ್ಲಿ "ನಿಮಗೇನು ಕಷ್ಟ?" ಅಂದರೆ ಯಾರೂ ಹೇಳುವುದಿಲ್ಲ, "ಏನಿಲ್ಲ, ಆರಾಮ" ಅನ್ನುತ್ತಾರೆ. ಮೇ ತಿಂಗಳಲ್ಲೇ ಹೋಗಿ, ಜಗಲಿ ಮೇಲೆ ಕೂತು, "ಸೌದೆ ಒಳಗೆ ಹಾಕಿ ಆಯ್ತಾ? ಹಂಚು ಕೈಯಾಡಿಸಿದ್ರಾ?" ಅಂತ ಮಾತು ತೆಗೆಯಿರಿ. ಉತ್ತರ ತಾನಾಗೇ ಬರುತ್ತದೆ. ಆಮೇಲೆ ಒಂದು ಟಾರ್ಪಾಲ್ ತಂದುಕೊಡಿ, ಇಲ್ಲವೇ ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಇಬ್ಬರು ಹೋಗಿ ಹಂಚು ಸರಿಮಾಡಿ ಬನ್ನಿ. ಹತ್ತು ಕೆಜಿ ಅಕ್ಕಿಗಿಂತ ಇದೇ ಜಾಸ್ತಿ ಉಪಯೋಗ.

ದುಡ್ಡಿನ ವಿಷಯ ಸುಲಭ. ಅಡಿಕೆ ಮಾರಿದ ದುಡ್ಡೋ ಸಂಬಳವೋ ಕೈಗೆ ಬಂದ ದಿನವೇ ಇಷ್ಟು ಅಂತ ತೆಗೆದಿಡಿ. ಬೈಬಲಿನಲ್ಲಿ ಸಂತ ಪೌಲನೂ ಕೊರಿಂಥ ಊರಿನ ಕ್ರೈಸ್ತರಿಗೆ ವಾರದ ಮೊದಲ ದಿನವೇ ತೆಗೆದಿಡಿ ಎಂದು ಬರೆದಿದ್ದ. ಉಳಿದರೆ ಕೊಡೋಣ ಅಂದರೆ ಉಳಿಯುವುದೇ ಇಲ್ಲ, ಅಲ್ವಾ?

ಕಷ್ಟ ಇರುವುದು ಸಮಯ ಕೊಡುವುದರಲ್ಲಿ. ಲೂಕನ ಸುವಾರ್ತೆಯಲ್ಲಿ ಯೇಸು ಹೇಳಿದ ಕತೆಯ ಸಮಾರ್ಯದವನನ್ನು ನೋಡಿ. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋಗಿದ್ದ ಒಬ್ಬ ಅವನ ಕಣ್ಣಿಗೆ ಬಿದ್ದ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ, ರಾತ್ರಿಯೆಲ್ಲ ನೋಡಿಕೊಂಡ, ಮರುದಿನ ಎರಡು ದಿನಾರಿ ಕೊಟ್ಟು, ಇನ್ನೂ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಎಂದ. ಒಂದು ದಿನಾರಿ ಅಂದರೆ ಆಗಿನ ಒಂದು ದಿನದ ಕೂಲಿ. ನನಗೆ ಆ ದುಡ್ಡಿಗಿಂತ "ವಾಪಸ್ ಬರುವಾಗ" ಅನ್ನುವ ಮಾತೇ ದೊಡ್ಡದು. ಒಮ್ಮೆ ಕೊಟ್ಟು ಕೈತೊಳೆದುಕೊಳ್ಳಲಿಲ್ಲ ಅವನು. ಹೊಸನಗರದ ಕಡೆಯಿಂದ ಒಬ್ಬ ಅಜ್ಜ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರಬೇಕೆಂದರೆ, ಬಸ್ ಚಾರ್ಜು ಕೊಡುವುದು ಒಂದು, ಜೊತೆಗೆ ಬಂದು ಚೀಟಿ ಮಾಡಿಸಿ, ಡಾಕ್ಟರ್ ಹೇಳಿದ್ದನ್ನು ಕೇಳಿಸಿಕೊಂಡು, ವಾರ ಬಿಟ್ಟು ಮಾತ್ರೆ ತಗೊಂಡ್ರಾ ಅಂತ ಫೋನ್ ಮಾಡುವುದು ಇನ್ನೊಂದು. ಎರಡನೆಯದನ್ನು ಮಾಡಿ. ಹಾಗೇ ವಯಸ್ಸು 18ರಿಂದ 65ರೊಳಗಿದ್ದು, ತೂಕ 45 ಕೆಜಿ ದಾಟಿದ್ದು, ಆರೋಗ್ಯ ಚೆನ್ನಾಗಿದ್ದರೆ ರಕ್ತವನ್ನೂ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಆ ರಕ್ತ ಯಾರಿಗೆ ಹೋಯಿತೋ ನಮಗೆ ಗೊತ್ತೇ ಆಗುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದು ಯೇಸು ಹೇಳಿದ್ದು ಇಂಥದ್ದನ್ನೇ ಅಂತ ನನಗನ್ನಿಸುತ್ತದೆ.

ಫೋಟೋ ತೆಗೆಯಬೇಡಿ. ಕಂಬಳಿ ಹಿಡಿದು ತಲೆ ತಗ್ಗಿಸಿ ನಿಂತವರ ಮುಖ ಊರಿನ ವಾಟ್ಸಾಪ್ ಗ್ರೂಪಿಗೆಲ್ಲ ಹೋದರೆ, ನಾಳೆ ಅವರ ಮಗಳು ಶಾಲೆಯಲ್ಲಿ ಏನು ಅನುಭವಿಸುತ್ತಾಳೆ ಯೋಚಿಸಿ. ಇನ್ನೊಂದು ಮಾತು, ಖಡಾಖಂಡಿತವಾಗಿ: ಕೊಟ್ಟದ್ದಕ್ಕೆ ಬದಲಾಗಿ ಚರ್ಚಿಗೆ ಬನ್ನಿ ಅನ್ನಬೇಡಿ. ಸಮಾರ್ಯದವನು ಬಿದ್ದವನ ಊರು, ಜಾತಿ, ದೇವರು ಯಾವುದನ್ನೂ ಕೇಳಲಿಲ್ಲ.

ಮುಂದಿನ ಸಲ ಹೋದಾಗ ಅವರು ಒಂದು ಹಲಸಿನ ಹಣ್ಣೋ, ಬಾಟಲಿಯಲ್ಲಿ ಉಪ್ಪಿನಕಾಯಿಯೋ ಕೊಟ್ಟರೆ "ಅಯ್ಯೋ ಬೇಡ, ನಿಮಗೇ ಇರಲಿ" ಅನ್ನಬೇಡಿ. ಎರಡೂ ಕೈಯಲ್ಲಿ ತಗೊಳ್ಳಿ, ಮನೆಗೆ ತಂದು ತಿನ್ನಿ, ರುಚಿ ಹೇಗಿತ್ತು ಅಂತ ಹೋಗಿ ಹೇಳಿ.